ಗೋಲು ಕಂಬಗಳ ನಡುವಿನ ಖಾಲಿ ಜಾಗ

ನಮ್ಮ ಪತ್ರಿಕೆಯ ಕಚೇರಿಯಲ್ಲಿ ಅವರನ್ನು ಎಲ್ಲರೂ ಕೊಂಬಿನಕ್ಕ ಅಂತಲೇ ಕರೆಯುತ್ತಿದ್ದರು. ಹೊಸಬರು ಈ ಹೆಸರು ಕೇಳಿ, ಯಾರೋ ಜಗಳಗಂಟಿ ಇರಬೇಕು ಅಂದುಕೊಂಡು ದೂರದಿಂದಲೇ ನಮಸ್ಕಾರ ಹಾಕಿ ಹೋಗುತ್ತಿದ್ದರು. ನಿಜ ಏನೆಂದರೆ, ಅಕ್ಕನದು ಪ್ರೂಫ್ ತಿದ್ದುವ ಕೆಲಸ. ಸೀಸದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲ ಅದು. ಅಕ್ಷರದ ಪಕ್ಕದ ಕೊಂಬು ಬಿದ್ದುಹೋಗುವುದು ದಿನವೂ ಇದ್ದದ್ದೇ. ಒಮ್ಮೆ ಊರಿಗೆಲ್ಲ ಕುಡಿಯುವ ನೀರು ಬರುತ್ತದೆ ಎಂಬ ಸುದ್ದಿ, ಒಂದು ಕೊಂಬು ಉದುರಿ, ಊರಿಗೆಲ್ಲ ಕಡಿಯುವ ನೀರು ಬರುತ್ತದೆ ಅಂತಾಗಿತ್ತು. ಅಕ್ಕ ಅದನ್ನು ಹಿಡಿದಿರದಿದ್ದರೆ ಮರುದಿನ ಜನ ನಲ್ಲಿಯ ಹತ್ತಿರ ಸುಳಿಯುತ್ತಿರಲಿಲ್ಲ. ಅಂದಿನಿಂದ ಅವರು ಕೊಂಬಿನಕ್ಕ.

ಮೊಳೆ ಜೋಡಿಸುವವನು ನಾನು. ನನ್ನ ಮೊಳೆಪೆಟ್ಟಿಗೆಯಿಂದ ಅವರ ಮೇಜಿಗೆ ಆರು ಹೆಜ್ಜೆ. ನಮ್ಮದು ಸಂಜೆ ಪತ್ರಿಕೆ. ಮಧ್ಯಾಹ್ನ ಒಂದೂವರೆಗೆ ಪುಟ ಮುಗಿಯಬೇಕು, ನಾಲ್ಕರ ಲಾಂಚಿಗೆ ಕಟ್ಟು ಹೋಗಬೇಕು. ಹನ್ನೆರಡರ ಹೊತ್ತಿಗೆ ಆ ಕೋಣೆಯಲ್ಲಿ ಒಂದು ಬಗೆಯ ಮಂಪರು ಕವಿಯುತ್ತಿತ್ತು. ಕಿಟಕಿಯ ಹಸಿರು ಗಾಜಿನಿಂದ ಬಿಸಿಲು ಸೋಸಿ ಬಂದು, ನೆಲ, ಮೇಜು, ಅಕ್ಕನ ಕೈ ಎಲ್ಲ ನೀರಿನ ಅಡಿ ಇದ್ದ ಹಾಗೆ ಕಾಣುತ್ತಿತ್ತು. ಅವರು ಬಾಯಲ್ಲೇ ಓದಿಕೊಳ್ಳುತ್ತ, ತುಟಿ ಅಲ್ಲಾಡಿಸುತ್ತ ಕೂತಿದ್ದರೆ, ಮೀನೊಂದು ಓದುತ್ತಿದೆ ಅನ್ನಿಸುತ್ತಿತ್ತು ನನಗೆ.

ಲಾಂಚು ಅಂದೆನಲ್ಲ, ಅದು ನದಿ ದಾಟಿಸುವ ಲಾಂಚು. ನದಿಯ ನಟ್ಟನಡುವೆ ಗಡಿ. ಆಚೆ ದಡ ಬೇರೆ ದೇಶ. ಭಾಷೆ ಒಂದೇ, ಆದರೆ ಅವರು ಮಾತಿನ ಕೊನೆಯನ್ನು ಎಳೆಯುತ್ತಾರೆ ಅಂತ ನಮ್ಮ ದೂರು, ನಾವು ನುಂಗುತ್ತೇವೆ ಅಂತ ಅವರ ದೂರು. ವರ್ಷಕ್ಕೆ ಎರಡು ಸಲ ಎರಡೂ ದೇಶಗಳ ನಡುವೆ ಫುಟ್‌ಬಾಲ್ ಪಂದ್ಯ, ಒಂದು ಸಲ ಈ ದಡದಲ್ಲಿ, ಒಂದು ಸಲ ಆ ದಡದಲ್ಲಿ. ಆ ವಾರ ಊರಿಗೆ ಊರೇ ಜ್ವರ ಬಂದವರ ಹಾಗೆ ಆಡುತ್ತಿತ್ತು.

ಎಲ್ಲರಿಗಿಂತ ಹೆಚ್ಚಿನ ಜ್ವರ ಅಕ್ಕನ ಗಂಡನಿಗೆ. ನಾನು ಅವರನ್ನು ಭಾವ ಅನ್ನುತ್ತಿದ್ದೆ. ಲಾಂಚಿನ ಕಟ್ಟೆಯಲ್ಲಿ ಟಿಕೆಟ್ ಹರಿದು ಕೊಡುವ ಕೆಲಸ ಅವರದು. ಮಾತು ಧಾರಾಳ, ನಗು ಅದಕ್ಕಿಂತ ಧಾರಾಳ. ಆದರೆ ನಾವು ಸೋತೆವೋ, ಮನುಷ್ಯ ಮಾತೇ ಬಿಟ್ಟುಬಿಡುತ್ತಿದ್ದರು. ಊಟಕ್ಕೆ ಕರೆದರೆ ಬರುವುದು, ತಟ್ಟೆ ನೋಡುವುದು, ಏಳುವುದು. ‘ಅಲ್ಲ, ಒದ್ದವರು ಇವರಲ್ಲ, ಒದೆಸಿಕೊಂಡವರು ಇವರಲ್ಲ, ಅನ್ನದ ಮೇಲೆ ಯಾಕೆ ಸಿಟ್ಟು?’ ಅಂತ ಅಕ್ಕ ನನ್ನ ಹತ್ತಿರ ಗೊಣಗುತ್ತಿದ್ದರು. ಮಕ್ಕಳಿರಲಿಲ್ಲ. ಎರಡು ಕೋಣೆಯ ಮನೆ, ಇಬ್ಬರೇ ಜನ. ಅದರಲ್ಲೊಬ್ಬರು ಬಾಯಿ ಮುಚ್ಚಿದರೆ ಇನ್ನೊಬ್ಬರಿಗೆ ಗಡಿಯಾರವೇ ಗತಿ.

ಒಂದು ವರ್ಷ ಆಚೆಯ ಮೈದಾನದಲ್ಲಿ ನಾವು ಐದು ಸೊನ್ನೆಯಿಂದ ಸೋತೆವು. ಮರುದಿನ ಕ್ರೀಡಾಪುಟ ನೋಡಿಕೊಳ್ಳುವವರು ನಾಲ್ಕು ಸಾಲು ಬರೆದು, ಪೆನ್ನು ಮುಚ್ಚಿ, ತಲೆನೋವು ಅಂತ ಮನೆಗೆ ಹೋದರು. ಪುಟದಲ್ಲಿ ಅಂಗೈಯಗಲ ಜಾಗ ಖಾಲಿ. ಗಂಟೆ ಒಂದು ಹೊಡೆದಿತ್ತು.

‘ಅಕ್ಕ, ಜಾಗ ಉಳೀತು. ಏನು ತುಂಬಲಿ? ಬೆಳ್ಳುಳ್ಳಿಯ ಔಷಧೀಯ ಗುಣ ಮೂರನೇ ಸಲ ಹಾಕಲಾ?’ ಅಂದೆ.

ಅಕ್ಕ ತಿದ್ದುತ್ತಿದ್ದ ಪ್ರೂಫ್ ತಿರುಗಿಸಿ, ಅದರ ಬೆನ್ನಿಗೆ ಕೆಂಪು ಮಸಿಯಲ್ಲಿ ಏನೋ ಗೀಚಿ ಕೊಟ್ಟರು. ‘ಇದನ್ನ ಜೋಡಿಸು. ಯಾರು ಬರೆದದ್ದು ಅಂತ ಕೇಳಿದ್ರೆ ನಿಂಗೆ ಗೊತ್ತಿಲ್ಲ.’

ಅದರಲ್ಲಿದ್ದದ್ದು ಇಷ್ಟು:

‘ಕಳೆದುಹೋಗಿದ್ದಾರೆ. ನಿನ್ನೆ ಸಂಜೆ ಆಚೆ ದಡದ ಮೈದಾನದಲ್ಲಿ ಕೆಂಪಂಗಿ ತೊಟ್ಟ ನಮ್ಮ ಹನ್ನೊಂದು ಜನ ಕಳೆದುಹೋಗಿದ್ದಾರೆ. ಚೆಂಡು ತೋರಿಸಿದರೆ ಗುರುತು ಹಿಡಿಯುವುದಿಲ್ಲ. ಸಿಕ್ಕವರು ದಯವಿಟ್ಟು ಲಾಂಚು ಹತ್ತಿಸಿ ಕಳಿಸಿಕೊಡಬೇಕು.’

ಅವತ್ತು ಭಾವ ಕಟ್ಟೆಯಲ್ಲಿ ಪತ್ರಿಕೆ ಬಿಡಿಸಿ ನೋಡಿ, ಗಹಗಹಿಸಿ ನಕ್ಕು, ಟಿಕೆಟ್ ಕೇಳಿದವರಿಗೆಲ್ಲ ಓದಿ ಹೇಳಿ, ಮನೆಗೆ ಬಂದು ಒಲೆಯ ಮುಂದೆ ಬೆನ್ನು ಹಾಕಿ ನಿಂತಿದ್ದ ಹೆಂಡತಿಗೂ ಓದಿ ಹೇಳಿದರು. ‘ಯಾವನೋ ಪುಣ್ಯಾತ್ಮ ಬರೆದಿದ್ದಾನೆ ಕಣೇ. ಭಲೇ ತಲೆ!’ ಅಕ್ಕ ತಿರುಗಲಿಲ್ಲ. ‘ಹೌದಾ, ಕೈ ತೊಳೆದು ಬನ್ನಿ’ ಅಂದರಂತೆ. ಭಾವ ಎರಡು ಸಲ ಅನ್ನ ಹಾಕಿಸಿಕೊಂಡರಂತೆ.

ಎರಡು ದಿನ ಬಿಟ್ಟು ಬೆಳಗಿನ ಲಾಂಚಿನಲ್ಲಿ ಆಚೆಯವರ ಪತ್ರಿಕೆ ಬಂತು. ಅದರ ಕೊನೆಯ ಪುಟದಲ್ಲಿ, ಸಣ್ಣ ಜಾಹೀರಾತುಗಳ ನಡುವೆ:

‘ಸಿಕ್ಕಿದ್ದಾರೆ. ಕೆಂಪಂಗಿಯ ಹನ್ನೊಂದು ಜನ ಗೋಲಿಗೆ ದಾರಿ ಕೇಳುತ್ತ ನಮ್ಮೂರೆಲ್ಲ ಅಲೆಯುತ್ತಿದ್ದಾರೆ. ಬಲು ಸಾಧುಗಳು; ಯಾರ ತಂಟೆಗೂ ಹೋಗುವವರಲ್ಲ, ಅದರಲ್ಲೂ ನಮ್ಮ ಗೋಲ್‌ಕೀಪರನ ತಂಟೆಗೆ. ಸರಿಯಾದ ಗುರುತು ಹೇಳಿ ಬಿಡಿಸಿಕೊಂಡು ಹೋಗಿ.’

ಹೀಗೆ ಶುರುವಾದದ್ದು ಏಳು ವರ್ಷ ನಡೆಯಿತು. ಪಂದ್ಯ ಆದ ಮರುದಿನ ಸೋಮವಾರ ನಮ್ಮದು, ಬುಧವಾರ ಅವರದು. ಅವರ ಟ್ರೋಫಿ ಇಡುವ ಕಪಾಟು ಮಾರಾಟಕ್ಕಿದೆ, ಬಳಸಿಯೇ ಇಲ್ಲ, ಹೊಸದರಂತಿದೆ ಅಂತ ನಾವು. ಎಡಗಾಲು ಯಾವುದು ಬಲಗಾಲು ಯಾವುದು ಎಂದು ಕಲಿಸಿಕೊಡಲಾಗುವುದು, ಈಚೆ ದಡದ... ಅಲ್ಲ, ಅವರ ಲೆಕ್ಕದಲ್ಲಿ ನಾವು ಆಚೆ ದಡ, ಆಚೆ ದಡದ ಆಟಗಾರರಿಗೆ ಮೊದಲ ಆದ್ಯತೆ ಅಂತ ಅವರು. ಎರಡೂ ಊರಿನ ಜನ ಆ ದಿನಗಳಲ್ಲಿ ಪತ್ರಿಕೆಯನ್ನು ಹಿಂದುಮುಂದಾಗಿ ಹಿಡಿದೇ ಓದುತ್ತಿದ್ದರು. ಬರೆಯುತ್ತಿದ್ದವರು ಕ್ರೀಡಾಪುಟದವರೇ ಅಂತ ಎಲ್ಲರ ನಂಬಿಕೆ. ಅವರೂ ಮೊದಮೊದಲು ‘ನಾನಲ್ಲ’ ಅಂದರು, ಆಮೇಲೆ ಮುಗುಳ್ನಗುವುದನ್ನು ಕಲಿತರು. ಅಕ್ಕನಿಗೆ ಅದರಿಂದ ಏನೂ ಅನ್ನಿಸಲಿಲ್ಲ. ಆಚೆ ದಡದಲ್ಲಿ ಬರೆಯುತ್ತಿದ್ದವರು ಯಾರು ಅಂತ ಮಾತ್ರ ಕೆಲವೊಮ್ಮೆ ಯೋಚಿಸುತ್ತಿದ್ದರು. ‘ಬೊಕ್ಕತಲೆಯ ಮನುಷ್ಯ ಇರಬೇಕು. ಮೂಗಿನ ತುದೀಲಿ ಕನ್ನಡಕ. ಬರೆದು ಮುಗಿಸಿ ತಾನೇ ನಗೋ ಪೈಕಿ’ ಅನ್ನುತ್ತಿದ್ದರು. ಕೆಲಸದ ನಡುವೆ ಕಣ್ಣು ಮುಚ್ಚಿ ಕೂತಿದ್ದರೆ, ಆ ಬೊಕ್ಕತಲೆಯವನ ಜೊತೆ ಮಾತಾಡುತ್ತಿದ್ದಾರೆ ಅಂತ ನನಗೆ ಗೊತ್ತಾಗುತ್ತಿತ್ತು.

ಎಂಟನೆಯ ವರ್ಷದ ಬೇಸಿಗೆಯಲ್ಲಿ, ಆಚೆಯವರ ಮೈದಾನದಲ್ಲೇ, ನಾವು ಗೆದ್ದೆವು. ಗೆದ್ದ ಬಗೆ ಮಾತ್ರ ವಿಚಿತ್ರ. ನಮ್ಮವನೊಬ್ಬ ಮೈದಾನದ ನಡುವಿನಿಂದ ಸುಮ್ಮನೆ ತಳ್ಳಿದ ಚೆಂಡು, ಸಂಜೆ ತಿರುಗಾಟಕ್ಕೆ ಹೊರಟ ಮುದುಕರ ಹಾಗೆ ನಿಧಾನವಾಗಿ ಉರುಳಿ ಉರುಳಿ, ನಿಂತೇ ಇದ್ದ ಗೋಲ್‌ಕೀಪರನ ಕಾಲುಗಳ ನಡುವೆ ಹಾದು ಒಳಗೆ ಹೋಯಿತು. ಅವನು ಕದಲಲೇ ಇಲ್ಲ. ಹದಿನಾರು ವರ್ಷದಿಂದ ಅದೇ ಕಂಬಗಳ ನಡುವೆ ನಿಂತಿದ್ದ, ಗೋಡೆ ಅಂತ ಹೆಸರು ಪಡೆದಿದ್ದ ಮನುಷ್ಯ.

ಸೋಮವಾರ ನಾನು ಜೋಡಿಸಿದ್ದು:

‘ಬಾಡಿಗೆಗೆ ಇದೆ. ಆಚೆ ದಡದ ಮೈದಾನದ ತುದಿಯಲ್ಲಿ, ಎರಡು ಕಂಬಗಳ ನಡುವೆ ವಿಶಾಲವಾದ ಜಾಗ. ಗಾಳಿ ಬೆಳಕು ಧಾರಾಳ. ಹಿಂದೆ ಬಲೆ ಇರುವುದರಿಂದ ಸೊಳ್ಳೆ ಬರುವುದಿಲ್ಲ, ಚೆಂಡು ಮಾತ್ರ ಬರುತ್ತದೆ. ಸದ್ಯ ಯಾರೂ ವಾಸವಿಲ್ಲ.’

ಊರು ನಕ್ಕಿತು ಅಂದರೆ ಸಾಲದು. ಭಾವ ಕಟ್ಟೆಯ ಕಂಬಕ್ಕೆ ಅದನ್ನು ಅಂಟಿಸಿದರು. ಆದರೆ ಬುಧವಾರ ಆಚೆಯ ಪತ್ರಿಕೆಯಲ್ಲಿ ಉತ್ತರ ಇರಲಿಲ್ಲ. ಮುಂದಿನ ಬುಧವಾರವೂ ಇಲ್ಲ. ಮೂರನೆಯ ವಾರ ಭಾವ ಊಟ ಮಾಡುತ್ತ, ‘ಆ ಗೋಲ್‌ಕೀಪರ್ ಮನೆಯಿಂದ ಹೊರಗೇ ಬರ್ತಿಲ್ವಂತೆ. ಅಭ್ಯಾಸಕ್ಕೂ ಹೋಗಲ್ವಂತೆ. ಲಾಂಚಿನವರು ಹೇಳಿದ್ರು. ನಮ್ಮ ಪತ್ರಿಕೆ ಓದಿದ ಮೇಲೇ ಅಂತೆ’ ಅಂದರು. ಅಂದು, ಮೊದಲ ಸಲ ನಗಲಿಲ್ಲ.

ಅಕ್ಕನ ಕೆಲಸದಲ್ಲಿ ಆ ವಾರ ನಾಲ್ಕು ತಪ್ಪು ಉಳಿದವು. ಹದಿನೆಂಟು ವರ್ಷದಲ್ಲಿ ಹಾಗೆ ಆದದ್ದಿಲ್ಲ. ನಾನು ಕೇಳಿದ್ದಕ್ಕೆ, ‘ಅಕ್ಷರ ಎಲ್ಲ ಮಸುಕು ಮಸುಕಾಗಿ ಕಾಣ್ತಾವೆ ಕಣೋ. ಎಲ್ಲ ಸಾಲಿನ ಕೊನೇಲೂ ಅದೇ ಎರಡು ಮಾತು ಇದ್ದ ಹಾಗೆ’ ಅಂದರು. ಯಾವ ಎರಡು ಮಾತು ಅಂತ ಕೇಳಬೇಕಾಗಿರಲಿಲ್ಲ: ‘ಯಾರೂ ವಾಸವಿಲ್ಲ.’

ಒಂದು ದಿನ ಅಕ್ಕ ರಜೆ ಹಾಕಿ, ಭಾವನಿಗೆ ದರ್ಜಿಯ ಹತ್ತಿರ ಹೋಗುತ್ತೇನೆ ಅಂತ ಹೇಳಿ, ಭಾವ ಕಟ್ಟೆಗೆ ಬರುವ ಮೊದಲೇ ಬೆಳಗಿನ ಲಾಂಚು ಹತ್ತಿದರು. ಅಷ್ಟು ವರ್ಷ ಆ ದಡ ನೋಡುತ್ತಲೇ ಬದುಕಿದವರು, ಅಲ್ಲಿ ಕಾಲಿಟ್ಟದ್ದು ಅವತ್ತೇ ಮೊದಲು. ಏನಾಯಿತು ಅಂತ ಆಮೇಲೆ ಅವರೇ ನನಗೆ ಹೇಳಿದ್ದು.

ಆಚೆ ಊರು ನಮ್ಮೂರಿನ ಹಾಗೇ ಇತ್ತಂತೆ, ಆದರೆ ಕನ್ನಡಿಯಲ್ಲಿ ನೋಡಿದ ಹಾಗೆ. ಕಟ್ಟೆ ಹತ್ತಿದರೆ ನಮ್ಮಲ್ಲಿ ಬಲಕ್ಕೆ ಇರುವ ಅಂಚೆ ಕಚೇರಿ ಅಲ್ಲಿ ಎಡಕ್ಕೆ. ಬೀದಿಯಲ್ಲಿ ಹೋಗುವವರೆಲ್ಲ ಎಲ್ಲೋ ನೋಡಿದವರೇ ಅನ್ನಿಸುತ್ತಿತ್ತಂತೆ, ಹತ್ತಿರ ಬಂದರೆ ಅಲ್ಲ. ಯಾರನ್ನೂ ದಾರಿ ಕೇಳದೆ, ನಡಿಗೆಯೇ ಕರೆದುಕೊಂಡು ಹೋದ ಹಾಗೆ, ಆ ಪತ್ರಿಕೆಯ ಕಚೇರಿಯ ಮುಂದೆ ನಿಂತಿದ್ದರು. ಒಳಗೆ ಸಣ್ಣ ಜಾಹೀರಾತು ತೆಗೆದುಕೊಳ್ಳುವ ಕಿಂಡಿ. ಕಿಂಡಿಯ ಹಿಂದೆ ಬಿಳಿ ತಲೆಯ, ದುಂಡು ಮುಖದ ಒಬ್ಬ ಹೆಂಗಸು, ಸ್ವೆಟರ್ ಹೆಣೆಯುತ್ತ ಕೂತಿದ್ದರು.

ಅಕ್ಕ ಚೀಲದಿಂದ ಒಂದು ಹಾಳೆ ತೆಗೆದು ಕಿಂಡಿಯೊಳಗೆ ಸರಿಸಿದರು. ತಿದ್ದುವವರಿಗೆ ತಪ್ಪೊಪ್ಪಿಕೊಳ್ಳಲು ಗೊತ್ತಿರುವುದು ಒಂದೇ ರೀತಿ, ಹಾಗೇ ಬರೆದಿದ್ದರು:

‘ತಿದ್ದುಪಡಿ. ಇತ್ತೀಚೆಗೆ ಪ್ರಕಟವಾದ ಬಾಡಿಗೆ ಜಾಹೀರಾತಿನಲ್ಲಿ “ಯಾರೂ ವಾಸವಿಲ್ಲ” ಎಂದಿರುವುದನ್ನು “ಹದಿನಾರು ವರ್ಷದಿಂದ ಒಬ್ಬರೇ ವಾಸವಿದ್ದಾರೆ, ಅಂಥವರು ಇನ್ನೊಬ್ಬರು ಸಿಗುವುದಿಲ್ಲ” ಎಂದು ಓದಿಕೊಳ್ಳಬೇಕು. ತಪ್ಪಿಗೆ ವಿಷಾದಿಸುತ್ತೇವೆ.’

ಆ ಹೆಂಗಸು ಹೆಣಿಗೆ ಕೆಳಗಿಟ್ಟು ಓದಿದರು. ಇನ್ನೊಂದು ಸಲ ಓದಿದರು. ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ.

‘ಇದನ್ನ ಇಲ್ಲಿ ತಗೊಳ್ಳೋಕಾಗಲ್ಲಮ್ಮಾ. ತಪ್ಪು ಎಲ್ಲಿ ಅಚ್ಚಾಯ್ತೋ ತಿದ್ದುಪಡಿನೂ ಅಲ್ಲೇ ಬರಬೇಕು. ನಿಮಗೆ ಗೊತ್ತಿಲ್ದೇ ಇರುತ್ತಾ?’

ಅಕ್ಕ ಹಾಳೆಯನ್ನು ಹಿಂದಕ್ಕೆ ಎಳೆದುಕೊಂಡರು. ‘ಇಲ್ಲಿ ಬುಧವಾರದ್ದು ಬರೆಯೋರು ಒಬ್ಬರಿದ್ದಾರಲ್ಲ, ಅವರನ್ನ ನೋಡಬೇಕಿತ್ತು’ ಅಂದರು.

‘ನೋಡ್ತಾನೇ ಇದ್ದೀರಲ್ಲ.’

ಅಕ್ಕ ಕಿಂಡಿಗೆ ಇನ್ನಷ್ಟು ಬಗ್ಗಿ ನೋಡಿದರಂತೆ. ಆ ಹೆಂಗಸು, ‘ನಾನು ನಿಮ್ಮನ್ನ ದೊಡ್ಡ ಮೀಸೆಯ ಗಂಡಸು ಅಂದ್ಕೊಂಡಿದ್ದೆ’ ಅಂದರು.

‘ನಾನು ನಿಮಗೆ ಕೂದಲೇ ಇಟ್ಟಿರಲಿಲ್ಲ’ ಅಂದರು ಅಕ್ಕ.

ನಗು ಬಾಗಿಲ ತನಕ ಬಂದು ಅಲ್ಲೇ ನಿಂತಿತು. ಯಾಕೆಂದರೆ ಆ ಹೆಂಗಸು ಮುಂದೆ ಹೇಳಿದ್ದು ಇದು: ‘ಗೋಲ್‌ಕೀಪರ್ ನನ್ನ ಮಗ.’

ಅಕ್ಕ ಕಿಂಡಿಯ ಹಲಗೆ ಹಿಡಿದುಕೊಂಡರು.

‘ಕೂತ್ಕೊಳ್ಳಿ. ಬಿದ್ದುಬಿಟ್ಟೀರಿ’ ಅಂದರು ತಾಯಿ. ‘ಆ ಸೋಮವಾರ ಓದಿದಾಗ ನಂಗೆ ನಗು ಬಂದುಬಿಡ್ತು ಕಣಮ್ಮಾ. ಸೊಳ್ಳೆ ಬರಲ್ಲ ಅಂದ್ರಲ್ಲ, ಅಲ್ಲಿ. ತಲೆ ಎತ್ತಿದ್ರೆ ಮಗ ಎದುರಿಗೇ ಕೂತಿದಾನೆ. ನಗು ನುಂಗ್ಕೊಂಡೆ. ಅದು ಗಂಟಲಲ್ಲೇ ಕೂತ್ಬಿಡ್ತು. ಆಮೇಲೆ ಎಷ್ಟು ಪೆನ್ನು ಹಿಡಿದ್ರೂ ಒಂದಕ್ಷರ ಬರಲಿಲ್ಲ.’

ಮಧ್ಯಾಹ್ನ ಅವರು ಅಕ್ಕನನ್ನು ಮನೆಗೆ ಕರೆದುಕೊಂಡು ಹೋದರು. ಕಿರಿದಾದ ಮಹಡಿ ಮೆಟ್ಟಿಲು, ಒಗೆದ ಬಟ್ಟೆಯ ವಾಸನೆ, ಗೋಡೆಯ ಮೊಳೆಗೆ ತೂಗಿದ್ದ ಹಳೆಯ ಕೈಗವಸು. ಮಗ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತ ಕೂತಿದ್ದ. ಕುರ್ಚಿ ಅವನಿಗೆ ಚಿಕ್ಕದು, ಚಾಕು ಅದಕ್ಕಿಂತ ಚಿಕ್ಕದು. ತಾಯಿ ಸುತ್ತಿಬಳಸಲಿಲ್ಲ. ‘ಬಾಡಿಗೆ ಜಾಹೀರಾತು ಬರೆದೋರು ಇವರೇ’ ಅಂದುಬಿಟ್ಟರು.

ಅವನು ಎದ್ದು ನಿಂತ. ಅಕ್ಕ ತಿದ್ದುಪಡಿಯ ಹಾಳೆ ಅವನ ಕೈಗೆ ಕೊಟ್ಟರು. ‘ತಪ್ಪಾಯ್ತಪ್ಪ. ಗೊತ್ತಿದ್ದು ಬರೆದದ್ದಲ್ಲ. ನಾಳೇನೇ ನಮ್ಮ ಪತ್ರಿಕೇಲಿ ಹಾಕಿಸ್ತೀನಿ.’

ಅವನು ಓದಿದ. ಹಾಳೆಯನ್ನು ಹಾಗೇ ಮಡಿಸಿ ವಾಪಸು ಕೊಟ್ಟ.

‘ಬೇಡ. ತಿದ್ದಬೇಡಿ. ಅದು ಸರಿಯಾಗೇ ಇದೆ.’

ಆಮೇಲೆ, ಯಾರಿಗೂ ಹೇಳದ ಸಂಗತಿಯನ್ನು ಇಬ್ಬರು ಹೆಂಗಸರ ಮುಂದೆ, ಕ್ಯಾರೆಟ್ಟು ತಿರುಗಿಸುತ್ತ, ಮೆಲ್ಲಗೆ ಹೇಳಿದ. ಅವತ್ತು ಮೈದಾನದ ಮೇಲೆ ಕೊಕ್ಕರೆಗಳ ಹಿಂಡು ಹೋಗುತ್ತಿತ್ತು. ಬಿಸಿಲು ಇಳಿದಿತ್ತು. ರೆಕ್ಕೆಯ ಅಡಿ ಎಲ್ಲ ಕೆಂಪು. ಜನರ ಕೂಗು ಯಾರೋ ಬಾಗಿಲು ಹಾಕಿದ ಹಾಗೆ ನಿಂತುಹೋಯಿತು. ಎಷ್ಟು ಹೊತ್ತು ನೋಡಿದನೋ ಅವನಿಗೇ ತಿಳಿಯದು. ತಿಳಿದಾಗ ಚೆಂಡು ಬಲೆಯಲ್ಲಿತ್ತು.

‘ಎಲ್ರೂ ಕಾಲು ಜಾರ್ತು ಅಂದ್ರು, ಬಿಸಿಲು ಕಣ್ಣಿಗೆ ಹೊಡೀತು ಅಂದ್ರು. ನೀವೊಬ್ಬರೇ ಸರಿಯಾಗಿ ಬರೆದ್ರಿ. ಆಗ ನಾನು ಅಲ್ಲಿರಲಿಲ್ಲ. ಅದು ಹೆಂಗೆ ಗೊತ್ತಾಯ್ತು ಇವರಿಗೆ ಅಂತ ಹೆದರಿಕೆ ಆಯ್ತು. ಮತ್ತೆ ಹೋಗಿ ನಿಂತ್ರೆ ಮತ್ತೆ ಹಾಗಾಗುತ್ತೇನೋ ಅಂತ. ಆಗಲಿ ಅಂತಲೂ ಒಂದು ಮನಸ್ಸು.’

‘ಚೆನ್ನಾಗಿತ್ತಾ?’ ಅಂದರು ಅಕ್ಕ.

‘ಬಹಳ ಚೆನ್ನಾಗಿತ್ತು’ ಅಂದ ಅವನು. ಮೂರು ವಾರದ ಮೇಲೆ ಮಗನ ಮುಖದಲ್ಲಿ ನಗು ಕಂಡದ್ದು ಆಗಲೇ ಅಂತ ತಾಯಿ ಆಮೇಲೆ ಹೇಳಿದರು. ‘ಹಕ್ಕಿ ನೋಡ್ತಾ ನಿಂತಿದ್ದೆಯಾ ಅಲ್ಲಿ! ದೇಶಕ್ಕೆ ದೇಶವೇ ಅಳ್ತಾ ಇದ್ರೆ!’ ಅಂತ ತಾಯಿ ಬಯ್ಯುವುದಕ್ಕೆ ಹೋಗಿ, ಗಂಟಲಲ್ಲಿ ಕೂತಿದ್ದ ನಗು ಅಲ್ಲಿ ಸಡಿಲವಾಗಿ, ಮೂವರೂ ನಕ್ಕರಂತೆ. ನಗುತ್ತ ಅಕ್ಕನ ಕಣ್ಣಲ್ಲಿ ನೀರು ಬಂತು. ಅದನ್ನು ಈರುಳ್ಳಿಯ ಮೇಲೆ ಹಾಕಿದರು. ಹೆಚ್ಚಿದ್ದು ಕ್ಯಾರೆಟ್ಟು ಅಂತ ಯಾರೂ ಹೇಳಲಿಲ್ಲ.

ಬುಧವಾರ ಉತ್ತರ ಬಂತು. ಭಾವ ಮನೆಗೆ ಬಂದವರೇ, ‘ಬಂತು ಕಣೇ, ಬಂತು!’ ಅಂತ ನಿಂತಲ್ಲೇ ಓದಿದರು:

‘ಬಾಡಿಗೆ ಜಾಗದ ಬಗ್ಗೆ. ವಿಚಾರಿಸಲು ಆಚೆ ದಡದಿಂದ ಒಬ್ಬರೇ ಬಂದಿದ್ದರು. ಜಾಗ ನೋಡಿದರು, ಟೀ ಕುಡಿದರು, ತರಕಾರಿ ಹೆಚ್ಚಿಕೊಟ್ಟು ಹೋದರು. ಹಳೆಯ ಬಾಡಿಗೆದಾರರು ಚಳಿಗಾಲದ ಪಂದ್ಯದವರೆಗೆ ಖಾಲಿ ಮಾಡುವುದಿಲ್ಲವೆಂದು ತಿಳಿಸಿದ್ದಾರೆ.’

‘ಒಬ್ಬರು ಹೋಗಿದ್ರಂತೆ, ನೋಡು! ಯಾರಿರಬಹುದು?’

ಅಕ್ಕ ಒಲೆ ಸಣ್ಣ ಮಾಡಿ, ಈ ಕಡೆ ತಿರುಗಿದರು. ‘ನಾನು’ ಅಂದರು. ಮೊದಲಿಂದ ಎಲ್ಲ ಹೇಳಿದರು.

ಭಾವ ಕುರ್ಚಿಯ ಮೇಲೆ ಕೂತರು. ಪತ್ರಿಕೆಯನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸಿದರು. ಸೋತ ದಿನದ ಮೌನವಲ್ಲ ಅದು, ಬೇರೆ ಥರದ್ದು ಅಂತ ಅಕ್ಕನಿಗೆ ಗೊತ್ತಾಯಿತು, ಆದರೆ ಯಾವ ಥರದ್ದು ಅಂತ ತಿಳಿಯಲಿಲ್ಲ.

‘ಏಳು ವರ್ಷ,’ ಅಂದರು ಕೊನೆಗೆ. ‘ನೀನು ಬರೆದದ್ದನ್ನೇ ನಿನ್ನ ಬೆನ್ನಿಗೆ ಓದಿ ಹೇಳಿದೀನಿ. ಒಂದು ಸಲನಾದ್ರೂ ತಿರುಗಬಾರದಿತ್ತಾ?’

‘ತಿರುಗಿದ್ರೆ ನಗು ಕಂಡುಬಿಡ್ತಿತ್ತು.’

‘ಕಂಡ್ರೆ ಏನಾಗ್ತಿತ್ತು? ನಾನೇ ನೋಡದೇ ಹೋದೆನಲ್ಲ’ ಅಂದರು ಭಾವ. ಅಕ್ಕ ಒಲೆ ಆರಿಸಿ ಅವರ ಎದುರಿಗೆ ಬಂದು ಕೂತರು. ಭಾವನ ಆ ಮಾತನ್ನು ನನಗೆ ಹೇಳುವಾಗ ಅವರು ಕಿಟಕಿಯ ಕಡೆ ನೋಡುತ್ತಿದ್ದರು.

ಚಳಿಗಾಲದ ಪಂದ್ಯ ನಮ್ಮ ಮೈದಾನದಲ್ಲಿ. ಆ ಗೋಲ್‌ಕೀಪರನಿಗೆ ಅದು ಕೊನೆಯ ಪಂದ್ಯ. ಅದಾದ ಮೇಲೆ ಊರಿನ ಈಜುಕೊಳದಲ್ಲಿ ಕೆಲಸಕ್ಕೆ ಸೇರುತ್ತೇನೆ ಅಂದಿದ್ದ. ಅವನ ತಾಯಿ ಲಾಂಚಿನಲ್ಲಿ ಬಂದರು. ಭಾವ ಟಿಕೆಟ್ ಹರಿಯುವ ಕೆಲಸ ಬೇರೆಯವರಿಗೆ ಒಪ್ಪಿಸಿ, ಇಬ್ಬರು ಹೆಂಗಸರನ್ನೂ ಕರೆದುಕೊಂಡು ಹೋಗಿ ಕೂರಿಸಿದರು. ನಾನು ಹಿಂದಿನ ಸಾಲಿನಲ್ಲಿದ್ದೆ.

ಶುರುವಾಗಿ ಕಾಲು ಗಂಟೆಯಾಗಿರಲಿಲ್ಲ, ನದಿಯ ಕಡೆಯಿಂದ ಮಂಜು ಎದ್ದು ಬಂತು. ಮೊದಲು ಆಚೆ ತುದಿಯ ಗೋಲು ಹೋಯಿತು, ಆಮೇಲೆ ನಡುವಿನ ಗೆರೆ, ಆಮೇಲೆ ಹುಲ್ಲೇ ಹೋಯಿತು. ಆಟ ನಿಲ್ಲಿಸಬೇಕೋ ಬೇಡವೋ ಎಂದು ರೆಫರಿಗೂ ತೋಚದೆ, ಆಟ ಒಳಗೆಲ್ಲೋ ನಡೆಯುತ್ತಲೇ ಇತ್ತು. ಸಾವಿರಾರು ಜನ ಉಸಿರು ಬಿಗಿಹಿಡಿದು ಬರೀ ಕಿವಿಯಿಂದ ನೋಡುತ್ತಿದ್ದೆವು. ಧಪ್ ಅಂತ ಚೆಂಡು. ಓಡುವ ಕಾಲು. ಯಾರದೋ ಕೆಮ್ಮು. ಯಾವ ಕಡೆಯವರು ಯಾರು ಅಂತ ತಿಳಿಯದೆ, ಬಯ್ಯುವುದಕ್ಕೂ ಹೊಗಳುವುದಕ್ಕೂ ದಾರಿಯಿಲ್ಲದೆ, ಎರಡೂ ದೇಶದವರು ಭುಜಕ್ಕೆ ಭುಜ ತಾಗಿಸಿ ಸುಮ್ಮನೆ ಕೂತಿದ್ದರು.

ಆ ಬಿಳುಪಿನೊಳಗಿಂದ ಒಂದು ದೊಡ್ಡ ದನಿ ಬಂತು. ‘ಎಡಕ್ಕೆ! ಎಡಕ್ಕೆ ಬಾರೋ!’

‘ನಮ್ಮವನು,’ ಅಂದರು ತಾಯಿ. ‘ಗಂಟಲು ಕಟ್ಟಿದೆ. ಬೆಳಿಗ್ಗೆನೇ ಹೇಳಿದೆ, ಬಿಸಿನೀರು ಕುಡಿದು ಹೋಗು ಅಂತ. ಕೇಳ್ಬೇಕಲ್ಲ.’

‘ಇವರದೂ ಅದೇ ಹಣೆಬರಹ,’ ಅಂತ ಅಕ್ಕ ಭಾವನ ಕಡೆ ಕೈ ತೋರಿಸಿದರು. ‘ಕಟ್ಟೆ ಮೇಲೆ ದಿನವೆಲ್ಲ ಕಿರುಚೋದು, ರಾತ್ರಿ ನಂಗೆ ಕಷಾಯ ಕುದಿಸು ಅನ್ನೋದು.’

‘ಶ್! ಕೇಳಿಸ್ಕೊಳ್ಳೋಕೆ ಬಿಡ್ರಮ್ಮಾ’ ಅಂದರು ಭಾವ.

ಎಲ್ಲೋ ಒಂದು ಸೀಟಿ ಕೇಳಿಸಿತು. ಗೋಲಾಯಿತೋ, ತಪ್ಪಾಯಿತೋ, ಆಟವೇ ಮುಗಿಯಿತೋ ಯಾರಿಗೂ ಗೊತ್ತಾಗಲಿಲ್ಲ. ಒಬ್ಬರೂ ಏಳಲಿಲ್ಲ. ಮುಂದಿನ ಸಾಲಿನಲ್ಲಿ ಇಬ್ಬರು ಹೆಂಗಸರು ಒಂದೇ ಶಾಲು ಹೊದ್ದುಕೊಂಡು, ಕಷಾಯಕ್ಕೆ ಮೆಣಸು ಮೊದಲು ಹಾಕುವುದೋ ಶುಂಠಿ ಮೊದಲು ಹಾಕುವುದೋ ಎಂದು ಮೆಲುದನಿಯಲ್ಲಿ ವಾದಕ್ಕೆ ಬಿದ್ದಿದ್ದರು.